ಕರುಳಿನ ಕೊನೆಯವರೆಗೆ ನೋಡಿದವರು: ತುಮಕೂರಿನ ಎಂಡೋಸ್ಕೋಪಿ ಕೇಂದ್ರವೊಂದರ ವಿಮರ್ಶೆ

ತುಮಕೂರು ನಗರದ ಒಂದು ಎಂಡೋಸ್ಕೋಪಿ ಕೇಂದ್ರದಲ್ಲಿ ಕಳೆದ ಒಂದು ವರ್ಷದೊಳಗೆ ನಮ್ಮ ಮನೆಯ ಇಬ್ಬರಿಗೆ ಕೊಲೊನೋಸ್ಕೋಪಿ, ಅಂದರೆ ಸ್ಕೋಪ್ ಎಂಬ ಕ್ಯಾಮೆರಾ ಕೊಳವೆಯನ್ನು ಗುದದ್ವಾರದಿಂದ ಒಳಗೆ ಒಯ್ದು ದೊಡ್ಡ ಕರುಳನ್ನು ನೋಡುವ ಪರೀಕ್ಷೆ, ಆಯಿತು. ಮೊದಲು ನನ್ನ ಅಣ್ಣನಿಗೆ, ಮೂರು ತಿಂಗಳ ನಂತರ ನನಗೆ. ಅಣ್ಣನ ದೊಡ್ಡ ಕರುಳಿನ ಬಲಭಾಗದಲ್ಲಿದ್ದ ಕ್ಯಾನ್ಸರ್ ಗಡ್ಡೆ ಸಿಕ್ಕಿದ್ದು ಅಲ್ಲಿ, ನನ್ನ ಕರುಳಿನ ಒಳಗೋಡೆಯಲ್ಲಿ ಬೆಳೆದಿದ್ದ ಸಣ್ಣ ಗಂಟು, ಅಂದರೆ ಪಾಲಿಪ್ ಒಂದನ್ನು ತೆಗೆದದ್ದೂ ಅಲ್ಲಿಯೇ. ಕೇಂದ್ರದ ಹೆಸರನ್ನು ಬರೆಯುತ್ತಿಲ್ಲ. ಎಲ್ಲಿಗೆ ಹೋದರೂ ಈ ಪರೀಕ್ಷೆ ಸರಿಯಾಗಿ ನಡೆಯಿತೇ ಇಲ್ಲವೇ ಎಂಬುದನ್ನು ರೋಗಿಯ ಕಡೆಯವರು ಹೇಗೆ ತಿಳಿದುಕೊಳ್ಳಬಹುದು ಎನ್ನುವುದೇ ನನಗೆ ಹೆಸರಿಗಿಂತ ಮುಖ್ಯವಾಗಿ ಕಾಣುತ್ತದೆ. ಅದನ್ನು ನಾವು ತಿಳಿದದ್ದು ತಡವಾಗಿ, ಎಂಟು ತಿಂಗಳು ಕಳೆದುಕೊಂಡ ಮೇಲೆ.

ಅಣ್ಣನಿಗೆ 58 ವರ್ಷ. ಗುಬ್ಬಿ ತಾಲ್ಲೂಕಿನಲ್ಲಿ ತೆಂಗು ಮತ್ತು ಅಡಿಕೆ ತೋಟ ನೋಡಿಕೊಂಡಿದ್ದಾನೆ. ಎರಡು ವರ್ಷದ ಹಿಂದಿನವರೆಗೂ ಗೊನೆ ಹೊತ್ತು ನಡೆಯುತ್ತಿದ್ದವನು, ಮೋಟರು ಹಾಕಲು ತೋಟದ ತುದಿಗೆ ಹೋಗಿ ಬರುವಷ್ಟರಲ್ಲಿ ಎರಡು ಸಲ ಕೂತು ಸುಧಾರಿಸಿಕೊಳ್ಳುವಂತಾದ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.9 ಬಂತು. ಗಂಡಸರಲ್ಲಿ ಅದು 13ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದು ಲೆಕ್ಕ. ಕಬ್ಬಿಣಾಂಶದ ಮಾತ್ರೆ ಕೊಟ್ಟರು, ಸ್ವಲ್ಪ ಏರಿತು, ಮಾತ್ರೆ ನಿಲ್ಲಿಸಿದ ಮೇಲೆ ಮತ್ತೆ ಇಳಿಯಿತು. ಹೊಟ್ಟೆಯ ಸ್ಕ್ಯಾನ್ ಮಾಡಿಸಿದೆವು, ಅದರಲ್ಲಿ ಏನೂ ಕಾಣಲಿಲ್ಲ. ಕೊನೆಗೆ ಬೇರೊಂದು ಕಡೆ ಕೊಲೊನೋಸ್ಕೋಪಿಯೂ ಆಯಿತು. ಅದರ ವರದಿ ಕೈಗೆ ಬಂದಾಗ ಅಲ್ಲಿದ್ದವರು ಹೇಳಿದ್ದು ಒಂದೇ ಮಾತು: ಒಳಗಡೆ ಸಣ್ಣ ಮೂಲವ್ಯಾಧಿ ಇದೆ, ಹೆದರುವಂಥದ್ದು ಏನೂ ಇಲ್ಲ. ನಾವು ಆ ಮಾತನ್ನು ನಂಬಿ, ವರದಿಯನ್ನು ಮಡಿಸಿ ಫೈಲಿಗೆ ಸೇರಿಸಿ ಊರಿಗೆ ಹೋದೆವು.

ಆ ವರದಿಯ ಮಧ್ಯದಲ್ಲಿ ಎರಡು ಸಾಲುಗಳಿದ್ದವು. ಕರುಳಿನ ಶುದ್ಧತೆ ಸಾಲದು ಎಂದು ಒಂದು ಸಾಲು, ಸ್ಕೋಪನ್ನು ಎಡಗಡೆ ಗುಲ್ಮದ ಬಳಿಯ ತಿರುವಿನವರೆಗೆ ಮಾತ್ರ ಒಯ್ಯಲಾಯಿತು ಎಂದು ಇನ್ನೊಂದು. ಅಂದರೆ ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿನಲ್ಲಿ ಅಡ್ಡಲಾಗಿ ಹೋಗುವ ಭಾಗವನ್ನೂ ಬಲಗಡೆ ಮೇಲೇರುವ ಭಾಗವನ್ನೂ ಯಾರೂ ನೋಡಿರಲಿಲ್ಲ. ಮತ್ತೆ ಪರೀಕ್ಷೆ ಆಗಬೇಕು ಎಂದು ಹಾಳೆಯಲ್ಲಿ ಬರೆದಿರಲಿಲ್ಲ, ಬಾಯಲ್ಲಿಯೂ ಹೇಳಲಿಲ್ಲ. ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಪಾಠ ಮಾಡುವ ನಾನು ಆ ಹಾಳೆಯನ್ನು ಎರಡು ಸಲ ಓದಿದ್ದೆ. ಕೊನೆಯ ಸಾಲಿನಲ್ಲಿ ಏನಿದೆ ಎಂದು ಮಾತ್ರ ನೋಡಿದ್ದೆ.

ಅಣ್ಣನನ್ನು ಈ ಕೇಂದ್ರಕ್ಕೆ ಕರೆತಂದದ್ದು ಪರಿಚಿತ ಔಷಧಿ ಅಂಗಡಿಯವರ ಮಾತಿನ ಮೇಲೆ. ಮೊದಲ ಭೇಟಿಯಲ್ಲಿಯೇ ವ್ಯತ್ಯಾಸ ತಿಳಿಯಿತು. ಡಾಕ್ಟರು ಹಳೆಯ ಕಾಗದಗಳನ್ನೆಲ್ಲ ಕೇಳಿ ತೆಗೆಸಿ, ಒಂದೊಂದಾಗಿ ದಿನಾಂಕದ ಪ್ರಕಾರ ಮೇಜಿನ ಮೇಲೆ ಜೋಡಿಸಿ ಓದಿದರು. ಕೊಲೊನೋಸ್ಕೋಪಿಯ ಹಾಳೆಗೆ ಬಂದಾಗ ನಿಲ್ಲಿಸಿ, ಪೆನ್ನಿನಿಂದ ಆ ಎರಡು ಸಾಲುಗಳಿಗೆ ಅಡಿಗೆರೆ ಎಳೆದು, "ಯಜಮಾನ್ರೇ, ಇದರಲ್ಲಿ ಅರ್ಧ ಕರುಳು ಮಾತ್ರ ನೋಡಿದ್ದಾರೆ. ಇನ್ನರ್ಧ ಹೇಗಿದೆ ಅಂತ ಈ ಹಾಳೆಯಿಂದ ಗೊತ್ತಾಗಲ್ಲ" ಎಂದರು. ಹಿಂದಿನವರ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಮೂತ್ರದಲ್ಲಿ, ಮಲದಲ್ಲಿ ರಕ್ತ ಕಂಡಿದೆಯೇ, ಮಲದ ಬಣ್ಣ ಕಪ್ಪಾಗಿದೆಯೇ, ತೂಕ ಇಳಿದಿದೆಯೇ, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿತ್ತೇ, ನೋವಿನ ಮಾತ್ರೆ ಎಷ್ಟು ನುಂಗುತ್ತೀರಿ ಎಂದು ಇಪ್ಪತ್ತು ನಿಮಿಷ ಕೇಳಿದರು. ಹೊಟ್ಟೆ ಮುಟ್ಟಿ ನೋಡಿ, ಕೈಗವಸು ಹಾಕಿಕೊಂಡು ಬೆರಳಿನಿಂದ ಗುದದ್ವಾರವನ್ನೂ ಪರೀಕ್ಷಿಸಿದರು. ಎಂಟು ತಿಂಗಳಲ್ಲಿ ಅಣ್ಣನಿಗೆ ಆ ಪರೀಕ್ಷೆ ಮಾಡಿದ ಮೊದಲ ವೈದ್ಯರು ಇವರು. ಗುದನಾಳದ ಕೆಳಭಾಗದ ಗಡ್ಡೆಗಳಲ್ಲಿ ಹಲವು ಬೆರಳಿಗೇ ಸಿಗುತ್ತವೆ. ಅದಕ್ಕೆ ಯಂತ್ರ ಬೇಡ, ಖರ್ಚೂ ಇಲ್ಲ. ನಮ್ಮ ಕಡೆ ರಕ್ತ ಬಿದ್ದ ಕೂಡಲೇ ಮೂಲವ್ಯಾಧಿ ಎಂದುಕೊಂಡು ಮುಲಾಮು ಹಚ್ಚಿ, ನಾಟಿ ಔಷಧಿ ಕುಡಿದು ತಿಂಗಳುಗಟ್ಟಲೆ ಕಾಯುವವರು ಎಷ್ಟೋ ಮಂದಿ ಇರುವುದರಿಂದ ಈ ಸಣ್ಣ ಪರೀಕ್ಷೆಯ ಬೆಲೆ ದೊಡ್ಡದು.

ಸ್ಕ್ಯಾನ್ ಸರಿಯಿತ್ತಲ್ಲ ಎಂದು ನಾನು ಕೇಳಿದೆ. ಅವರು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಹೊಟ್ಟೆಯ ಸ್ಕ್ಯಾನ್ ನೋಡಿ ಸಮಾಧಾನಪಟ್ಟುಕೊಳ್ಳದ ಮನೆ ನಮ್ಮ ಸುತ್ತಮುತ್ತ ಇಲ್ಲ. ಅಲ್ಟ್ರಾಸೌಂಡಿನ ಶಬ್ದದ ಅಲೆ ಗಾಳಿ ತುಂಬಿದ ಕರುಳನ್ನು ದಾಟಿ ಸರಿಯಾಗಿ ಹೋಗುವುದಿಲ್ಲ. ಪಿತ್ತಕೋಶದ ಕಲ್ಲು, ಮೂತ್ರಪಿಂಡದ ಕಲ್ಲು, ಯಕೃತ್ತಿನ ಗಂಟುಗಳು ಅದರಲ್ಲಿ ಕಾಣುತ್ತವೆ, ಆದರೆ ಕರುಳಿನ ಒಳಗೋಡೆಯ ಮೇಲಿನ ಗಡ್ಡೆ ಇಲ್ಲವೆಂದು ಅದರ ಆಧಾರದ ಮೇಲೆ ಹೇಳಲಾಗದು. ಸಿಇಎ ಎಂಬ ರಕ್ತ ಪರೀಕ್ಷೆಯೂ ಹಾಗೆಯೇ. ಕ್ಯಾನ್ಸರ್ ಖಚಿತವಾದವರಲ್ಲಿ ಚಿಕಿತ್ಸೆಯ ಮುಂಚೆ ಮತ್ತು ನಂತರ ಹೋಲಿಸಿ ನೋಡಲು ಅದು ಉಪಯುಕ್ತ, ಆದರೆ ಗಡ್ಡೆ ಇದ್ದೂ ಅದು ಸಹಜವಾಗಿರಬಹುದು, ಬೀಡಿ ಸಿಗರೇಟು ಸೇದುವವರಲ್ಲಿ ಗಡ್ಡೆ ಇಲ್ಲದೆಯೂ ಏರಿರಬಹುದು. ಕರುಳಿನ ಒಳಗೋಡೆಯನ್ನು ಕಣ್ಣಿನಿಂದ ನೋಡಿ, ಅನುಮಾನ ಬಂದ ಜಾಗದಿಂದ ಚೂರು ತೆಗೆದು ಪರೀಕ್ಷಿಸುವುದೇ ಖಚಿತವಾದ ದಾರಿ.

ಅಣ್ಣನ ರಕ್ತ ಎಲ್ಲಿಗೆ ಹೋಗುತ್ತಿದೆ ಎಂಬುದು ನಮಗೆ ಅರ್ಥವಾಗದೆ ಉಳಿದಿದ್ದ ಒಗಟು. ಅವನಿಗೆ ಕಣ್ಣಿಗೆ ಕಾಣುವಂತೆ ಒಂದು ಹನಿ ರಕ್ತವೂ ಬಿದ್ದಿರಲಿಲ್ಲ. ಡಾಕ್ಟರು ಒಂದು ಹಾಳೆಯ ಮೇಲೆ ಕರುಳಿನ ಚಿತ್ರ ಬರೆದು ತೋರಿಸಿದರು. ಎಡಗಡೆಯ ಕರುಳು ಕಿರಿದು, ಅಲ್ಲಿಗೆ ಬರುವಷ್ಟರಲ್ಲಿ ಮಲ ಗಟ್ಟಿಯಾಗಿರುತ್ತದೆ, ಆದ್ದರಿಂದ ಅಲ್ಲಿ ಗಡ್ಡೆ ಬೆಳೆದರೆ ಮಲವಿಸರ್ಜನೆಯ ರೀತಿ ಬದಲಾಗುತ್ತದೆ, ರಕ್ತ ಕಾಣುತ್ತದೆ, ದಾರಿ ಕಟ್ಟಿಕೊಳ್ಳುತ್ತದೆ. ಬಲಗಡೆಯದು ಅಗಲವಾದದ್ದು, ಅಲ್ಲಿ ಮಲ ಇನ್ನೂ ನೀರಾಗಿಯೇ ಇರುತ್ತದೆ. ಗಡ್ಡೆ ಬೆಳೆದರೂ ದಾರಿ ಮುಚ್ಚುವುದಿಲ್ಲ, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಜಿನುಗುವ ರಕ್ತ ಮಲದಲ್ಲಿ ಬೆರೆತು ಬಣ್ಣವೂ ತೋರದೆ ಹೋಗಿಬಿಡುತ್ತದೆ, ತಿಂಗಳುಗಳಲ್ಲಿ ಮೈಯ ಕಬ್ಬಿಣಾಂಶವೆಲ್ಲ ಬರಿದಾಗುತ್ತದೆ. ಆದ್ದರಿಂದ ವಯಸ್ಕ ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣಾಂಶದ ಕೊರತೆಯ ರಕ್ತಹೀನತೆ ಕಂಡರೆ ಮಾತ್ರೆ ಕೊಟ್ಟು ಸುಮ್ಮನಾಗದೆ ಜಠರವನ್ನೂ ದೊಡ್ಡ ಕರುಳನ್ನೂ ಎಂಡೋಸ್ಕೋಪಿಯಲ್ಲಿ ನೋಡಬೇಕು ಎಂಬುದು ವೈದ್ಯಶಾಸ್ತ್ರದಲ್ಲಿ ಒಪ್ಪಿತವಾದ ಕ್ರಮ. ಅಣ್ಣನಿಗೆ ಎರಡನ್ನೂ ಒಂದೇ ದಿನ ಮಾಡುವುದೆಂದು ತೀರ್ಮಾನವಾಯಿತು.

ಕೊಲೊನೋಸ್ಕೋಪಿಯ ಯಶಸ್ಸು ಅರ್ಧಕ್ಕರ್ಧ ರೋಗಿಯ ಮನೆಯಲ್ಲಿಯೇ ನಿರ್ಧಾರವಾಗುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಮೊದಲ ಪರೀಕ್ಷೆ ಕೆಟ್ಟದ್ದೂ ಇಲ್ಲಿಯೇ. ಆ ಸಲ ಒಂದು ಪುಡಿಯ ಪೊಟ್ಟಣ ಕೊಟ್ಟು ರಾತ್ರಿ ಕುಡಿಯಿರಿ ಎಂದಷ್ಟೇ ಹೇಳಿದ್ದರು, ಅಣ್ಣ ಮಧ್ಯಾಹ್ನ ಎಂದಿನಂತೆ ಮುದ್ದೆ, ಅವರೆಕಾಳಿನ ಸಾರು ಉಂಡು ರಾತ್ರಿ ಅದನ್ನು ಕುಡಿದಿದ್ದ. ಈ ಕೇಂದ್ರದಲ್ಲಿ ಸಿದ್ಧತೆಯ ಹೊಣೆಯನ್ನು ಒಬ್ಬ ಸಿಸ್ಟರ್ ಹೊತ್ತಿದ್ದಾರೆ. ಅವರು ಅತ್ತಿಗೆಯನ್ನು ಎದುರಿಗೆ ಕೂರಿಸಿಕೊಂಡು, ಅಡುಗೆ ಮಾಡುವವರು ನೀವೇ ತಾನೇ ಎಂದು ಕೇಳಿ, ಮೂರು ದಿನದ ಊಟವನ್ನು ಹೊತ್ತುಹೊತ್ತಿಗೆ ಹೇಳಿಕೊಟ್ಟರು. ರಾಗಿ ಬೇಡ, ಸೊಪ್ಪು ಬೇಡ, ಕಾಳು ಬೇಡ, ಟೊಮೆಟೊ, ಸೀಬೆ, ಬದನೆ ಇವುಗಳ ಬೀಜ ಬೇಡ. ಬಿಳಿ ಅನ್ನ, ಮೊಸರು, ತಿಳಿಸಾರು, ಇಡ್ಲಿ, ಮೊಟ್ಟೆ ಆಗಬಹುದು. ಕಬ್ಬಿಣಾಂಶದ ಮಾತ್ರೆಯನ್ನು ಒಂದು ವಾರ ಮುಂಚೆ ನಿಲ್ಲಿಸಬೇಕು, ಏಕೆಂದರೆ ಅದು ಮಲವನ್ನು ಕಪ್ಪು ಅಂಟಿನಂತೆ ಮಾಡಿ ಗೋಡೆಗೆ ಹಿಡಿಸುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಬಿಡಲೂ ಬಾರದು, ನುಂಗಲೂ ಬಾರದು. "ಮೂರು ದಿನ ಮುದ್ದೆ ಇಲ್ದೆ ಹೆಂಗವ್ವಾ ಇರೋದು" ಎಂದು ಅಣ್ಣ ನಿಜವಾದ ಸಂಕಟದಿಂದಲೇ ಕೇಳಿದ. ಸಿಸ್ಟರ್ ಸ್ಕೋಪಿನ ಚಿತ್ರ ತೋರಿಸಿ, ಹೀರುವ ಕೊಳವೆಯ ಒಳಗಿನ ಅಗಲ 4 ಮಿಲಿಮೀಟರ್ ಕೂಡ ಇಲ್ಲ, ಒಂದು ಟೊಮೆಟೊ ಬೀಜ ಸಿಕ್ಕಿಕೊಂಡರೂ ಕೆಲಸ ನಿಂತುಹೋಗುತ್ತದೆ ಎಂದು ತಾಳ್ಮೆಯಿಂದ ವಿವರಿಸಿದರು. ಆಮೇಲೆ ಅವನು ತಕರಾರು ಮಾಡಲಿಲ್ಲ.

ಔಷಧಿಯನ್ನು ಎರಡು ಭಾಗ ಮಾಡಿ ಕುಡಿಸುವುದು ಅವರ ಕ್ರಮ. ಕರುಳು ತೊಳೆಯುವ ಪೆಗ್ ಎಂಬ ಭೇದಿ ಪುಡಿಯನ್ನು 2 ಲೀಟರ್ ನೀರಿಗೆ ಬೆರೆಸಿ, ಹಿಂದಿನ ದಿನ ಸಂಜೆ 7 ಗಂಟೆಗೆ ಒಂದು ಲೀಟರ್, ಪರೀಕ್ಷೆಯ ದಿನ ಬೆಳಗಿನ ಜಾವ 4 ಗಂಟೆಗೆ ಇನ್ನೊಂದು ಲೀಟರ್, ಹತ್ತು ಹದಿನೈದು ನಿಮಿಷಕ್ಕೆ ಒಂದು ಲೋಟದಂತೆ. ಪರೀಕ್ಷೆಗೆ ಎರಡು ಗಂಟೆ ಮುಂಚೆ ಎಲ್ಲವೂ ಮುಗಿದಿರಬೇಕು. ರಾತ್ರಿಯೇ ಪೂರ್ತಿ ಕುಡಿದು ಮುಗಿಸಿದರೆ ಬೆಳಗಾಗುವಷ್ಟರಲ್ಲಿ ಸಣ್ಣ ಕರುಳಿನಿಂದ ಇಳಿಯುವ ಅಂಟು ದ್ರವ ಬಲಭಾಗದ ಗೋಡೆಯನ್ನು ಮತ್ತೆ ಮುಚ್ಚಿಬಿಡುತ್ತದೆ. ಅಣ್ಣನ ಗಡ್ಡೆ ಇದ್ದದ್ದು ಅದೇ ಬಲಭಾಗದಲ್ಲಿ ಎಂಬುದನ್ನು ನೆನೆದರೆ, ಜಾವದ ನಾಲ್ಕು ಗಂಟೆಗೆ ಏಳುವ ಕಷ್ಟ ನನಗೆ ಕಷ್ಟವೆನಿಸುವುದಿಲ್ಲ. ಔಷಧಿಯ ರುಚಿ ಉಪ್ಪುಪ್ಪು, ಮೂರನೆಯ ಲೋಟದ ಹೊತ್ತಿಗೆ ಓಕರಿಕೆ ಬರುತ್ತದೆ. ತಣ್ಣಗೆ ಮಾಡಿ, ಸೋಸಿದ ನಿಂಬೆರಸ ಸ್ವಲ್ಪ ಹಿಂಡಿದರೆ ಇಳಿಯುತ್ತದೆ. ನಡುನಡುವೆ ಎಳನೀರು ಕುಡಿಯಬಹುದು. ಬೀಟ್ರೂಟ್, ದಾಳಿಂಬೆಯಂಥ ಕೆಂಪು ಪಾನೀಯ ಮಾತ್ರ ಕೂಡದು, ಒಳಗೆ ರಕ್ತದಂತೆ ಕಾಣುತ್ತದೆ. ಬೆಳಿಗ್ಗೆ ಆರು ಗಂಟೆಗೆ ಸಿಸ್ಟರ್ ತಾವಾಗಿಯೇ ಫೋನ್ ಮಾಡಿ, "ಈಗ ಹೋಗ್ತಿರೋದು ಗಂಜಿ ಥರ ಇದೆಯಾ, ನೀರು ಥರ ಇದೆಯಾ? ತಳ ಕಾಣುತ್ತಾ?" ಎಂದು ಕೇಳಿದರು. ತಿಳಿ ಹಳದಿ ನೀರು, ತಳ ಕಾಣುತ್ತಿದೆ ಎಂದ ಮೇಲೆಯೇ ಹೊರಡಿ ಎಂದರು.

ಅಣ್ಣನಿಗೆ ರಕ್ತ ಕಡಿಮೆ ಇದ್ದುದರಿಂದ ಅರಿವಳಿಕೆ ತಜ್ಞರೇ ಬಂದು ನಿದ್ರೆಯ ಚುಚ್ಚುಮದ್ದು ಕೊಟ್ಟರು. ಮೊದಲು ಜಠರದ ಪರೀಕ್ಷೆ, ಅದರಲ್ಲಿ ತೊಂದರೆ ಇರಲಿಲ್ಲ. ನಂತರ ಎಡಮಗ್ಗುಲಾಗಿ ಮಲಗಿಸಿ ಕೊಲೊನೋಸ್ಕೋಪಿ. ಅರ್ಧ ಗಂಟೆ ಕಳೆದ ಮೇಲೆ ಡಾಕ್ಟರು ನನ್ನನ್ನು ಒಳಗೆ ಕರೆದು ಪರದೆಯ ಮುಂದೆ ನಿಲ್ಲಿಸಿದರು. ನಾನು ನೋಡಿದ್ದನ್ನು ನೋಡಿದ ಹಾಗೆಯೇ ಬರೆಯುತ್ತೇನೆ. ಆರೋಗ್ಯವಂತ ಕರುಳಿನ ಗೋಡೆ ತಿಳಿ ಗುಲಾಬಿ ಬಣ್ಣದ್ದು, ಒದ್ದೆಯಾಗಿ ಹೊಳೆಯುತ್ತದೆ, ಅದರ ಮೇಲೆ ಮರದ ಕೊಂಬೆಗಳಂತೆ ಸಣ್ಣ ರಕ್ತನಾಳಗಳು ಹರಡಿರುತ್ತವೆ. ಅದೇ ಗೋಡೆಯ ಒಂದು ಬದಿಯಲ್ಲಿ ಆ ಕೊಂಬೆಗಳೆಲ್ಲ ಥಟ್ಟನೆ ನಿಂತುಹೋಗಿ, ಅಂಚು ದಿಬ್ಬದಂತೆ ಎದ್ದು, ನಡುವೆ ಹಳದಿ ಮಿಶ್ರಿತ ಬಿಳಿ ಪೊರೆ ಹೊತ್ತ ಹುಣ್ಣಿನ ತಗ್ಗು ಇತ್ತು. ನೀರು ಚಿಮ್ಮಿಸಿ ತೊಳೆದಾಗ ಅಂಚಿನಿಂದ ರಕ್ತ ಸಣ್ಣಗೆ ಇಳಿಯಿತು. ಒಂದು ಗುಂಡಿ ಒತ್ತಿದಾಗ ಬೆಳಕು ನೀಲಿ ಹಸಿರಿಗೆ ತಿರುಗಿತು. ಆ ಬೆಳಕನ್ನು ರಕ್ತ ಹೀರಿಕೊಳ್ಳುವುದರಿಂದ ನಾಳಗಳು ಕಡು ಕಂದಾಗಿ ಎದ್ದು ಕಾಣುತ್ತವೆ. ಅಕ್ಕಪಕ್ಕದ ಒಳ್ಳೆಯ ಗೋಡೆಯಲ್ಲಿ ಅವು ಬಲೆಯಂತೆ ಕ್ರಮವಾಗಿದ್ದವು, ಗಡ್ಡೆಯ ಮೇಲೆ ಮುರಿದು, ತಿರುಚಿ, ಕೆಲವು ಕಡೆ ಮಾಯವಾಗಿಯೇ ಹೋಗಿದ್ದವು. ಡಾಕ್ಟರು ದನಿ ತಗ್ಗಿಸಿ, ನೋಡಲು ಕ್ಯಾನ್ಸರ್ ಇದ್ದಂತೆಯೇ ಇದೆ, ಆದರೆ ಆ ಮಾತನ್ನು ಖಚಿತವಾಗಿ ಹೇಳಬೇಕಾದದ್ದು ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕೊಡುವ ಪ್ಯಾಥಾಲಜಿ ವರದಿ ಎಂದರು.

ಇದಾದ ಮೇಲೆ ಅವರು ಮಾಡಿದ ಮೂರು ಕೆಲಸಗಳಿಗಾಗಿ ಈ ಕೇಂದ್ರವನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಗಡ್ಡೆ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸದೆ ಅದರ ಪಕ್ಕದಲ್ಲಿ ದಾಟಿಹೋಗಿ ಕರುಳು ಶುರುವಾಗುವ ಸೀಕಮ್‌ವರೆಗೂ ನೋಡಿದರು, ಏಕೆಂದರೆ ಕರುಳಿನ ಕ್ಯಾನ್ಸರ್ ಇರುವ 100 ಮಂದಿಯಲ್ಲಿ ಮೂರರಿಂದ ಐದು ಮಂದಿಗೆ ಅದೇ ಹೊತ್ತಿನಲ್ಲಿ ಇನ್ನೊಂದು ಕಡೆಯೂ ಗಡ್ಡೆ ಇರುತ್ತದೆ. ಹುಣ್ಣಿನ ನಡುವಿನ ಸತ್ತ ಭಾಗವನ್ನು ಬಿಟ್ಟು ಅಂಚಿನ ಬೇರೆ ಬೇರೆ ಜಾಗಗಳಿಂದ ಎಂಟು ಚೂರುಗಳನ್ನು ತೆಗೆದು ಫಾರ್ಮಲಿನ್ ಶೀಷೆಗೆ ಹಾಕಿ, ಅಣ್ಣನ ಹೆಸರು, ವಯಸ್ಸು, ಚೂರು ತೆಗೆದ ಜಾಗ ಬರೆದ ಚೀಟಿಯನ್ನು ನನ್ನಿಂದ ಓದಿಸಿಯೇ ಅಂಟಿಸಿದರು. ಗಡ್ಡೆಯಿಂದ ಸ್ವಲ್ಪ ಈಚೆಗೆ ಗೋಡೆಯೊಳಗೆ ಇಂಗಾಲದ ಕಪ್ಪು ಶಾಯಿ ಚುಚ್ಚಿ ಗುರುತು ಮಾಡಿದರು, ಶಸ್ತ್ರಚಿಕಿತ್ಸಕರು ಹೊಟ್ಟೆಯ ಒಳಗೆ ನೋಡುವಾಗ ಕರುಳಿನ ಹೊರಮೈಯಿಂದಲೇ ಜಾಗ ತಿಳಿಯಲಿ ಎಂದು. ಬೆಂಗಳೂರಿನಲ್ಲಿ ಅಣ್ಣನಿಗೆ ಶಸ್ತ್ರಚಿಕಿತ್ಸೆ ಮಾಡಿದವರು ಆ ಗುರುತನ್ನು ನೆನೆದು ಒಳ್ಳೆಯ ಮಾತು ಹೇಳಿದರು.

ಬಯಾಪ್ಸಿ ವರದಿ ಬರಲು ಆರು ದಿನ ಹಿಡಿಯಿತು, ಚೂರುಗಳು ಬೆಂಗಳೂರಿಗೆ ಹೋಗಿ ಬರಬೇಕು. ಅಡಿನೋಕಾರ್ಸಿನೋಮ, ಅಂದರೆ ಕ್ಯಾನ್ಸರ್ ಎಂದೇ ಬಂತು. ಅದೇ ದಿನ ಡಾಕ್ಟರು ಎದೆ ಮತ್ತು ಹೊಟ್ಟೆಯ ಸಿ.ಟಿ.ಗೆ ಬರೆದುಕೊಟ್ಟು, ರೋಗ ಎಷ್ಟು ಹರಡಿದೆ ಎಂಬುದನ್ನು ಎಂಡೋಸ್ಕೋಪಿ ಹೇಳಲಾರದು, ಅದಕ್ಕೆ ಸಿ.ಟಿ. ಬೇಕು, ಗುದನಾಳದ ಗಡ್ಡೆಯಾಗಿದ್ದರೆ ಎಂ.ಆರ್.ಐ. ಕೂಡ ಬೇಕಾಗುತ್ತಿತ್ತು ಎಂದು ತಿಳಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ, ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಹೊಕ್ಕುವ 18 ದುಗ್ಧಗ್ರಂಥಿಗಳಲ್ಲಿ (ಲಿಂಫ್ ಗಂಟುಗಳಲ್ಲಿ) ಒಂದರಲ್ಲಿಯೂ ಕ್ಯಾನ್ಸರ್ ಇರಲಿಲ್ಲ. ಕಡಿಮೆಯೆಂದರೆ 12 ಗ್ರಂಥಿಗಳನ್ನು ಪರೀಕ್ಷಿಸಿದರೆ ಮಾತ್ರ ಆ ಮಾತಿಗೆ ಬಲ ಎಂಬುದನ್ನೂ ಮೊದಲು ನಮಗೆ ಹೇಳಿದವರು ಈ ಕೇಂದ್ರದವರೇ.

ಅಣ್ಣನ ರೋಗ ಖಚಿತವಾದ ದಿನವೇ ಡಾಕ್ಟರು ನನ್ನ ಕಡೆ ತಿರುಗಿ ನಿಮಗೆಷ್ಟು ವಯಸ್ಸು ಎಂದು ಕೇಳಿದ್ದರು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಒಬ್ಬರಿಗೆ ಈ ಕ್ಯಾನ್ಸರ್ ಬಂದಿದ್ದರೆ ಉಳಿದವರು 40ನೇ ವಯಸ್ಸಿಗೆ, ಅಥವಾ ರೋಗ ಪತ್ತೆಯಾದವರ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆ ಬರುತ್ತದೆಯೋ ಆಗ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕು. ನನಗೆ 49. ಯಾವ ತೊಂದರೆಯೂ ಇಲ್ಲದೆ ಈ ಪರೀಕ್ಷೆಗೆ ಮಲಗಲು ಮನಸ್ಸು ಹಿಂಜರಿಯುತ್ತದೆ ಎಂಬುದನ್ನು ಬಲ್ಲೆ. ಆದರೂ ಹೋದೆ. ಪರೀಕ್ಷೆಗೆ ಮೊದಲು, ಜೊತೆಗೆ ಬಂದವರು ಯಾರು ಎಂದು ಕೇಳಿ, ನನ್ನ ಹೆಂಡತಿಯನ್ನು ಕಣ್ಣಾರೆ ನೋಡಿದ ಮೇಲೆಯೇ ಸೂಜಿ ಹಾಕಿದರು. ನಿದ್ರೆಯ ಔಷಧಿ ಪಡೆದವರು 24 ಗಂಟೆ ಗಾಡಿ ಓಡಿಸಬಾರದು, ಕಾಗದಪತ್ರಗಳಿಗೆ ಸಹಿ ಹಾಕಬಾರದು. ನನ್ನ ಎಡಗಡೆಯ ಕರುಳಿನಲ್ಲಿ 6 ಮಿಲಿಮೀಟರಿನ ಒಂದು ಪಾಲಿಪ್ ಸಿಕ್ಕಿತು. ತೆಳುವಾದ ತಂತಿಯ ಕುಣಿಕೆಯನ್ನು ಅದರ ಬುಡಕ್ಕೆ, ಸುತ್ತಲಿನ ಸ್ವಲ್ಪ ಒಳ್ಳೆಯ ಅಂಗಾಂಶವೂ ಸೇರುವಂತೆ ಹಾಕಿ, ವಿದ್ಯುತ್ ಹಾಯಿಸದೆ ಬಿಗಿದು ಕತ್ತರಿಸಿ ತೆಗೆದರಂತೆ. ನನಗೆ ಏನೂ ತಿಳಿಯಲಿಲ್ಲ. ಪ್ಯಾಥಾಲಜಿಯಲ್ಲಿ ಅದು ಅಡಿನೋಮ, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಬಗೆಯ ಪಾಲಿಪ್, ಎಂದು ಬಂತು. ಎಲ್ಲ ಅಡಿನೋಮಗಳೂ ಕ್ಯಾನ್ಸರ್ ಆಗುವುದಿಲ್ಲ, ಆಗುವಂಥವು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ತೆಗೆದುಕೊಳ್ಳುತ್ತವೆ. ರೋಗವನ್ನು ಗುರುತಿಸುವ ಕೊಳವೆಯಿಂದಲೇ ರೋಗ ಹುಟ್ಟುವ ಮೊದಲು ಅದರ ಮೊಳಕೆಯನ್ನು ಕಿತ್ತುಹಾಕುವ ಈ ಕೆಲಸ 1969ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಅವರಿಂದ ಆರಂಭವಾಯಿತು. ಇಂದು ಗುಬ್ಬಿಯಿಂದ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಅದು ಸಿಗುತ್ತಿದೆ ಎಂಬುದು ನನಗೆ ಸಣ್ಣ ವಿಷಯವಾಗಿ ತೋರುವುದಿಲ್ಲ. ನನಗೆ ಮುಂದಿನ ಪರೀಕ್ಷೆ ಐದು ವರ್ಷಕ್ಕೆ.

ಈಗ ವರದಿಯ ಹಾಳೆಯ ವಿಷಯ. ಈ ಕೇಂದ್ರದ ಗುಣವನ್ನು ನಾನು ಅಳೆಯುವುದು ಅದರಿಂದಲೇ. ಕಟ್ಟಡ ಹಳೆಯದು, ಕಾಯುವ ಕೋಣೆಯಲ್ಲಿ ಹನ್ನೆರಡು ಕುರ್ಚಿ, ಫ್ಯಾನು ಸದ್ದು ಮಾಡುತ್ತದೆ. ಆದರೆ ಅವರು ಕೊಡುವ ವರದಿಯಲ್ಲಿ ಇರಬೇಕಾದದ್ದೆಲ್ಲ ಇರುತ್ತದೆ. ಕರುಳಿನ ಶುದ್ಧತೆಗೆ ಬಾಸ್ಟನ್ ಅಳತೆ ಎಂಬುದೊಂದಿದೆ: ಬಲ, ನಡು, ಎಡ ಎಂದು ಮೂರು ಭಾಗ ಮಾಡಿ ಒಂದೊಂದಕ್ಕೆ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ, ಒಟ್ಟು 9. ಪ್ರತಿ ಭಾಗಕ್ಕೂ 2 ಅಥವಾ ಹೆಚ್ಚು ಬಂದಿದ್ದರೆ ಪರೀಕ್ಷೆ ನಂಬಲರ್ಹ. ಅಣ್ಣನಿಗೆ 2, 2, 3 ಸೇರಿ 7 ಬಂದಿತ್ತು, ನನಗೆ 8. ಸೀಕಮ್ ತಲುಪಿದೆವು ಎಂದು ಬರೆದರೆ ಸಾಲದು, ಅದಕ್ಕೆ ಸಾಕ್ಷಿಯಾಗಿ ಅಪೆಂಡಿಕ್ಸಿನ ಬಾಯಿಯ ಮತ್ತು ಸಣ್ಣ ಕರುಳು ಸೇರುವ ಕವಾಟದ ಚಿತ್ರಗಳಿರಬೇಕು. ಇಬ್ಬರ ವರದಿಯಲ್ಲಿಯೂ ಎರಡೂ ಇವೆ. ಅಪೆಂಡಿಕ್ಸಿನ ಬಾಯಿ ಬಿದಿಗೆ ಚಂದ್ರನ ಹಾಗೆ ಬಾಗಿದ ಒಂದು ಸಣ್ಣ ಗೀರು, ಒಮ್ಮೆ ನೋಡಿದವರು ಮರೆಯುವುದಿಲ್ಲ.

ಮೂರನೆಯದು ಸಮಯ. ಸ್ಕೋಪನ್ನು ಒಳಗೆ ಒಯ್ಯುವುದು ದಾರಿ ಮಾತ್ರ, ನಿಜವಾದ ನೋಟ ನಡೆಯುವುದು ಹಿಂದಕ್ಕೆ ಎಳೆಯುತ್ತ ಬರುವಾಗ, ಒಂದೊಂದು ಮಡಿಕೆಯ ಹಿಂಬದಿಯನ್ನೂ ಬಿಡಿಸಿ ನೋಡುವಾಗ. ಅದಕ್ಕೆ ಕನಿಷ್ಠ 6 ನಿಮಿಷ ಬೇಕು ಎಂಬುದು ಬಹುಕಾಲದ ನಿಯಮವಾಗಿತ್ತು, 2024ರಲ್ಲಿ ಅಮೆರಿಕದ ತಜ್ಞರ ಸಂಘಗಳು ಅದನ್ನು 8 ನಿಮಿಷಕ್ಕೆ ಏರಿಸಿದವು. 2006ರಲ್ಲಿ ಅಮೆರಿಕದ 12 ವೈದ್ಯರ ಪರೀಕ್ಷೆಗಳನ್ನು ಹೋಲಿಸಿ ಪ್ರಕಟವಾದ ಅಧ್ಯಯನದಲ್ಲಿ, ಸರಾಸರಿ 6 ನಿಮಿಷ ಅಥವಾ ಹೆಚ್ಚು ತೆಗೆದುಕೊಂಡವರಿಗೆ 28.3 ಶೇಕಡಾ ಮಂದಿಯಲ್ಲಿ ಗಡ್ಡೆ ಅಥವಾ ಪಾಲಿಪ್ ಸಿಕ್ಕಿದ್ದರೆ, ಅದಕ್ಕಿಂತ ಬೇಗ ಮುಗಿಸಿದವರಿಗೆ 11.8 ಶೇಕಡಾ ಮಂದಿಯಲ್ಲಿ ಮಾತ್ರ ಸಿಕ್ಕಿತ್ತು. ಯಂತ್ರ ಒಂದೇ, ರೋಗ ಒಂದೇ, ನೋಡುವ ಕಣ್ಣಿನ ತಾಳ್ಮೆಯಲ್ಲಿ ಇಷ್ಟು ಅಂತರ. ನನ್ನ ವರದಿಯಲ್ಲಿ ಪಾಲಿಪ್ ತೆಗೆದ ಹೊತ್ತನ್ನು ಬಿಟ್ಟು 9 ನಿಮಿಷ ಎಂದಿದೆ. ಅಣ್ಣನ ಮೊದಲ ವರದಿಯಲ್ಲಿ ಸಮಯವೂ ಇರಲಿಲ್ಲ, ಒಂದು ಚಿತ್ರವೂ ಇರಲಿಲ್ಲ.

ವೈದ್ಯರ ಕೌಶಲವನ್ನು ಅಳೆಯುವ ಇನ್ನೊಂದು ಲೆಕ್ಕವಿದೆ, ನೂರು ಮಂದಿಯನ್ನು ನೋಡಿದರೆ ಎಷ್ಟು ಮಂದಿಯಲ್ಲಿ ಅಡಿನೋಮ ಕಂಡುಹಿಡಿಯುತ್ತಾರೆ ಎಂಬುದು. 2014ರಲ್ಲಿ 136 ವೈದ್ಯರು ಮಾಡಿದ 3,14,872 ಕೊಲೊನೋಸ್ಕೋಪಿಗಳನ್ನು ಆಧರಿಸಿ ಪ್ರಕಟವಾದ ಅಧ್ಯಯನವು ಈ ಪ್ರಮಾಣ 1 ಶೇಕಡಾ ಏರಿದರೆ ಮುಂದೆ ಕ್ಯಾನ್ಸರ್ ಬರುವ ಅಪಾಯ 3 ಶೇಕಡಾ ಇಳಿಯುತ್ತದೆ ಎಂದು ತೋರಿಸಿತು. ನಿಮ್ಮ ಪ್ರಮಾಣ ಎಷ್ಟು ಡಾಕ್ಟ್ರೇ ಎಂದು ನಾನು ಕೇಳಿದೆ. ಅಂಥ ಲೆಕ್ಕವನ್ನು ಇನ್ನೂ ಇಟ್ಟಿಲ್ಲ ಎಂದು ನೇರವಾಗಿ ಒಪ್ಪಿಕೊಂಡರು. ಆ ಪ್ರಾಮಾಣಿಕತೆಗೆ ಗೌರವವಿದೆ, ಆದರೆ ಇಷ್ಟು ಶ್ರದ್ಧೆಯಿಂದ ಕೆಲಸ ಮಾಡುವವರು ಆ ಲೆಕ್ಕವನ್ನೂ ಇಡಲೇಬೇಕು ಎಂದು ನನ್ನ ಕಳಕಳಿಯ ಕೋರಿಕೆ.

ಸ್ಕೋಪ್ ತೊಳೆಯುವ ಕೋಣೆಯನ್ನು ನೋಡಬಹುದೇ ಎಂದು ಕೇಳಿದಾಗ ಬೇಡವೆನ್ನಲಿಲ್ಲ. ಒಬ್ಬರ ಪರೀಕ್ಷೆ ಮುಗಿದ ಕೂಡಲೇ ಒಳಗಿನ ಕೊಳವೆಗಳಿಗೆಲ್ಲ ಉದ್ದನೆಯ ಬ್ರಷ್ ಹಾಯಿಸಿ ತೊಳೆದು, ಸೋಂಕು ನಿವಾರಕದಲ್ಲಿ ಗಡಿಯಾರ ನೋಡಿ ಮುಳುಗಿಸಿ, ನೀರಿನಿಂದ ತೊಳೆದು, ಗಾಳಿ ಹಾಯಿಸಿ ಒಣಗಿಸಿ ಬೀರುವಿನಲ್ಲಿ ನೇರವಾಗಿ ನೇತುಹಾಕುತ್ತಾರೆ. ಯಾವ ಸ್ಕೋಪನ್ನು ಯಾವಾಗ ಯಾರು ತೊಳೆದರು ಎಂದು ಪುಸ್ತಕದಲ್ಲಿ ಬರೆಯುತ್ತಾರೆ.

ಕೊರತೆಗಳನ್ನೂ ಹೇಳಬೇಕು. ಮನೆಗೆ ಕೊಡುವ ಸೂಚನೆಯ ಹಾಳೆ ನಾವು ಹೋದಾಗ ಪೂರ್ತಿ ಇಂಗ್ಲಿಷಿನಲ್ಲಿತ್ತು. ಸಿಸ್ಟರ್ ಬಾಯಲ್ಲಿ ಹೇಳಿದ್ದು ಎಷ್ಟೇ ಚೆನ್ನಾಗಿದ್ದರೂ ಜಾವದ ನಾಲ್ಕು ಗಂಟೆಗೆ ಅತ್ತಿಗೆ ಓದಬೇಕಾದದ್ದು ಹಾಳೆಯನ್ನು. ನಾನು ಅದನ್ನು ಕನ್ನಡದಲ್ಲಿ ಬರೆದುಕೊಟ್ಟೆ, ಡಾಕ್ಟರು ತಿದ್ದಿದರು, ಈಗ ಅದನ್ನೇ ಅಚ್ಚು ಮಾಡಿಸಿ ಕೊಡುತ್ತಿದ್ದಾರೆ. ಎರಡನೆಯದು ಶೌಚಾಲಯ. ರೋಗಿಗಳಿಗೆ ಇರುವುದು ಎರಡೇ. ಗುಬ್ಬಿ, ಕ್ಯಾತ್ಸಂದ್ರದಂಥ ಹತ್ತಿರದವರು ಮನೆಯಲ್ಲಿಯೇ ಔಷಧಿ ಮುಗಿಸಿ ಬರಬಹುದು. ಪಾವಗಡ, ಮಧುಗಿರಿ, ಶಿರಾ ಕಡೆಯವರು ಬೆಳಗಿನ ಜಾವ ಒಂದು ಲೀಟರ್ ಭೇದಿ ಔಷಧಿ ಕುಡಿದು ಬಸ್ಸಿನಲ್ಲಿ ಕೂರಲು ಸಾಧ್ಯವೇ? ಅಂಥವರು ಹಿಂದಿನ ದಿನವೇ ಬಂದು ಲಾಡ್ಜ್ ಹಿಡಿಯಬೇಕಾಗಿದೆ. ಕೇಂದ್ರದಲ್ಲಿರುವ ನಾಲ್ಕು ಹಾಸಿಗೆಯ ಕೋಣೆಯನ್ನು ರಾತ್ರಿ ಹೊತ್ತು ದೂರದ ರೋಗಿಗಳಿಗೆ ಕೊಟ್ಟು, ಇನ್ನೆರಡು ಶೌಚಾಲಯ ಕಟ್ಟಿಸಿದರೆ ಸಿದ್ಧತೆ ಕೆಟ್ಟು ವಾಪಸು ಹೋಗುವವರು ಕಡಿಮೆಯಾಗುತ್ತಾರೆ.

ಹಣದ ವಿಷಯದಲ್ಲಿ ಒಂದು ಅಸಮಾಧಾನವಿದೆ. ಅಣ್ಣನಿಗೆ ಎರಡು ಪರೀಕ್ಷೆ, ಅರಿವಳಿಕೆ, ಬಯಾಪ್ಸಿ ಎಲ್ಲ ಸೇರಿ 14,200 ರೂಪಾಯಿ ಆಯಿತು, ಅಷ್ಟೇ ಎಂದು ಮೊದಲೇ ಹೇಳಿದ್ದರು. ನನ್ನ ಬಿಲ್ಲು 11,500 ರೂಪಾಯಿ, ಅದರಲ್ಲಿ 3,000 ಪಾಲಿಪ್ ತೆಗೆದದ್ದಕ್ಕೆ. ಆ ಮೊತ್ತ ಅನ್ಯಾಯದ್ದೆಂದು ಹೇಳಲಾರೆ, ಆದರೆ ಪಾಲಿಪ್ ಸಿಕ್ಕಿದರೆ ಇಷ್ಟು ಹೆಚ್ಚಾಗುತ್ತದೆ ಎಂದು ಮುಂಚೆಯೇ ತಿಳಿಸಬೇಕಿತ್ತು. ಸಾಲ ಮಾಡಿ ಎಣಿಸಿ ತಂದ ದುಡ್ಡಿನಲ್ಲಿ ಬರುವವರಿಗೆ ಆ ಹೊತ್ತಿನಲ್ಲಿ ಮೂರು ಸಾವಿರ ದೊಡ್ಡದು. ಅಪಾಯಗಳ ಬಗ್ಗೆ ಮಾತ್ರ ಸಹಿ ಹಾಕಿಸುವ ಮುಂಚೆ ಬಿಡಿಸಿ ಹೇಳಿದರು. ಕರುಳಿಗೆ ತೂತು ಬೀಳುವುದು ಅಪರೂಪ, ಪಾಲಿಪ್ ತೆಗೆದ ಜಾಗದಿಂದ ಕೆಲವು ದಿನ ಕಳೆದ ಮೇಲೂ ರಕ್ತ ಬರಬಹುದು, ಹೊಟ್ಟೆ ಕಲ್ಲಿನಂತೆ ಗಟ್ಟಿಯಾದರೆ, ಜ್ವರ ಬಂದರೆ, ರಕ್ತ ಹೆಚ್ಚಾಗಿ ಹೋದರೆ ರಾತ್ರಿಯಾದರೂ ಫೋನ್ ಮಾಡಿ ಎಂದು ನಂಬರು ಬರೆದುಕೊಟ್ಟರು. ನನಗೆ ಮೂರನೆಯ ದಿನ ಸ್ವಲ್ಪ ಕೆಂಪು ಕಂಡು ಗಾಬರಿಯಾಗಿ ರಾತ್ರಿ ಹತ್ತೂವರೆಗೆ ಕರೆ ಮಾಡಿದೆ. ಎರಡನೆಯ ರಿಂಗಿಗೆ ತೆಗೆದುಕೊಂಡರು. ಎಷ್ಟು ಸಲ ಹೋಯಿತು, ಎಷ್ಟು ರಕ್ತ, ತಲೆ ಸುತ್ತುತ್ತಿದೆಯೇ ಎಂದು ಕೇಳಿ, ಮನೆಯಲ್ಲಿಯೇ ಇರಿ, ಇನ್ನೊಮ್ಮೆ ಹೋದರೆ ಬನ್ನಿ ಎಂದರು. ಮತ್ತೆ ಹೋಗಲಿಲ್ಲ. ಬೆಳಿಗ್ಗೆ ಅವರೇ ಫೋನ್ ಮಾಡಿ ವಿಚಾರಿಸಿದರು.

ಕ್ಯಾನ್ಸರ್ ತೆಗೆಸಿಕೊಂಡವರಿಗೆ ಒಂದು ವರ್ಷ ತುಂಬುವಾಗ ಮತ್ತೆ ಕೊಲೊನೋಸ್ಕೋಪಿ ಆಗಬೇಕು. ಅಣ್ಣನಿಗೆ ಬರುವ ತಿಂಗಳು ಆ ದಿನ ಬರುತ್ತದೆ. ಬೆಂಗಳೂರಿಗೇ ಹೋಗೋಣವೇ ಎಂದು ಕೇಳಿದೆ. "ಒಳಗೆಲ್ಲ ನೋಡಿದ್ದು ಅವ್ರೇ ಅಲ್ವೇನಪ್ಪಾ, ಅಲ್ಲೇ ಬರ್ಸು" ಎಂದ. ಬೆಳಿಗ್ಗೆ ಒಂಬತ್ತರ ಮೊದಲ ಸರದಿಯನ್ನು ಬರೆಸಿ ಬಂದಿದ್ದೇನೆ. ಅತ್ತಿಗೆ ಕನ್ನಡದ ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾರೆ.